ಮೂರನೆಯ ಗಾಡಿ

ಬೆಂಗಳೂರಿಗೆ ಬಂದ ಹೊಸದರಲ್ಲಿ ನಾವು ನಾಲ್ವರು ಒಂದೇ ರೂಮಿನಲ್ಲಿದ್ದೆವು. ಶನಿವಾರ ರಾತ್ರಿ ಲ್ಯಾಪ್‌ಟಾಪನ್ನು ಗೋಡೆಗೆ ಒರಗಿಸಿಟ್ಟು ‘ಲಾಂಗ್ ವೇ ರೌಂಡ್’ ನೋಡುವುದು ನಮ್ಮ ವಾಡಿಕೆಯಾಗಿತ್ತು. ನಿಮ್ಮಲ್ಲೂ ಬಹಳ ಜನ ನೋಡಿರ್ತೀರಿ. ನಟ ಇವಾನ್ ಮೆಗ್ರೆಗರ್ ಮತ್ತು ಅವನ ಗೆಳೆಯ ಚಾರ್ಲಿ ಬೂರ್ಮನ್ 2004ರ ಏಪ್ರಿಲ್ 14ರಂದು ಲಂಡನ್ ಬಿಟ್ಟು, ಯೂರೋಪು, ಕಜಕಿಸ್ತಾನ, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾ ದಾಟಿ, ಜುಲೈ 29ಕ್ಕೆ ನ್ಯೂಯಾರ್ಕ್ ಸೇರಿದರು. ಸುಮಾರು 30 ಸಾವಿರ ಕಿಲೋಮೀಟರ್. ಒಂದೊಂದು ಎಪಿಸೋಡ್ ಮುಗಿದಾಗಲೂ ನಾವು ನಾಲ್ವರು ಲಡಾಖಿಗೆ ಹೋಗಿಯೇ ತೀರುವುದೆಂದು ತೀರ್ಮಾನ ಮಾಡುತ್ತಿದ್ದೆವು. ಸೋಮವಾರ ಆಫೀಸಿನ ಕ್ಯಾಬ್ ಹತ್ತುತ್ತಿದ್ದೆವು.

ಆ ಸರಣಿಯಲ್ಲಿ ನನಗೆ ಈಗಲೂ ನೆನಪಿರುವುದು ಆ ಇಬ್ಬರು ಗೆಳೆಯರಿಗಿಂತ ಹೆಚ್ಚಾಗಿ ಮೂರನೆಯವನು. ಅವರ ಜೊತೆ ಇನ್ನೊಂದು ಬಿಎಂಡಬ್ಲ್ಯೂ ಮೇಲೆ ಕ್ಲಾಡಿಯೊ ಫಾನ್ ಪ್ಲಾಂಟಾ ಎಂಬ ಸ್ವಿಸ್ ಛಾಯಾಗ್ರಾಹಕ ಹೊರಟಿದ್ದ. ಇವರಿಬ್ಬರು ಹೊಳೆ ದಾಟಬೇಕಾದರೆ ಅವನು ಮೊದಲೇ ದಾಟಿ, ಗಾಡಿ ನಿಲ್ಲಿಸಿ, ಕ್ಯಾಮೆರಾ ತೆಗೆದು ಕಾಯಬೇಕು. ಆಮೇಲೆ ಎಲ್ಲ ಕಟ್ಟಿಕೊಂಡು ಮತ್ತೆ ಹಿಂದೆ ಓಡಬೇಕು. ಇಂಥವನು ಮೊದಲ ಸಲ ಬೈಕ್ ಲೈಸೆನ್ಸ್ ಪರೀಕ್ಷೆಯಲ್ಲೇ ಫೇಲಾಗಿದ್ದ! ಮಂಗೋಲಿಯಾದ ಕೆಟ್ಟ ದಾರಿಯಲ್ಲಿ ಅವನ ಗಾಡಿಯ ಫ್ರೇಮೇ ಮುರಿಯಿತು. ದುಬಾರಿ ಜರ್ಮನ್ ಗಾಡಿಯನ್ನು ಲಾರಿಗೆ ಹೇರಿ ಕಳಿಸಿದರು. ಅವನಿಗೆ ಅಲ್ಲಿಯವರು ದಿನಾ ಓಡಿಸುವಂಥದ್ದೇ ಒಂದು ಕೆಂಪು ಗಾಡಿ ಕೊಂಡರು. ಅದು ರಷ್ಯಾದ ಇಝೆವ್‌ಸ್ಕ್‌ನಲ್ಲಿ ತಯಾರಾದ ‘ಇಝ್ ಪ್ಲಾನೆಟಾ’, ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್.

ಅದು ಸ್ಟಾರ್ಟ್ ಆದ ಸದ್ದು ಕೇಳಿ ನಾನು ಒಬ್ಬನೇ ನಕ್ಕೆ. ಯಾಕಂದರೆ ಅದು ನಮ್ಮ ಕಾಕಾನ ಫಟಫಟಿಯ ಸದ್ದು.

ನಮ್ಮೂರು ಜುಗೂಳ. ಆಗ ಅಥಣಿ ತಾಲ್ಲೂಕು, ಈಗ ಕಾಗವಾಡ. ಊರ ಪಕ್ಕಕ್ಕೇ ಕೃಷ್ಣಾ ಹೊಳೆ. ಆಚೆ ದಂಡೆಗೆ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ಗುಡಿ. ಲಾಂಗ್ ವೇ ರೌಂಡ್‌ನಲ್ಲಿ ಸೈಬೀರಿಯಾದ ಹೊಳೆ ದಾಟಲು ಗಾಡಿಗಳನ್ನು ದೊಡ್ಡ ಲಾರಿಗೆ ಏರಿಸುವುದನ್ನು ಎಷ್ಟು ಹೊತ್ತು ತೋರಿಸುತ್ತಾರೆ! ನಮ್ಮ ಕಾಕಾ ಯೆಜ್ಡಿಯನ್ನು ನಾವೆಗೆ ಏರಿಸಿ, ಬ್ರೇಕ್ ಹಿಡಿದು ನಿಂತು, ಹೊಳೆ ದಾಟಿ ಬೀಗರ ಊರಿಗೆ ಊಟಕ್ಕೆ ಹೋಗಿಬರುತ್ತಿದ್ದ. ಅದಕ್ಕೆ ಯಾರೂ ಸಾಹಸ ಅನ್ನಲಿಲ್ಲ.

ಆ ಯೆಜ್ಡಿಯ ಚರಿತ್ರೆ ನಮ್ಮ ಕನ್ನಡ ನಾಡಿನದೇ. ಜಾವಾ ಮೂಲತಃ ಚೆಕ್ ಗಾಡಿ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸ ಕೊಂಡು ತಯಾರಿಕೆ ಶುರು ಮಾಡಿದ. ಎರಡೂ ಹೆಸರಿನ ಮೊದಲ ಅಕ್ಷರಗಳು ಸೇರಿ ‘ಜಾವಾ’ ಆಯಿತು. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರ ವಿದೇಶಿ ಗಾಡಿಗಳ ಆಮದಿಗೆ ಕಡಿವಾಣ ಹಾಕಿದಾಗ, ಇಲ್ಲಿಯೇ ತಯಾರಿಸುವುದೊಂದೇ ದಾರಿಯಾಯಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಜಯಚಾಮರಾಜೇಂದ್ರ ಒಡೆಯರ್ ಅವರ ಬೆಂಬಲವಿತ್ತು. 1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬಿದ್ದವು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು.

ಓಡಿಸದವರಿಗೆ ಇದರ ವಿಶೇಷ ಹೇಳಬೇಕು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಗೇರ್ ಹಾಕುವ ಲಿವರನ್ನೇ ತಿರುಗಿಸಿ ಮೇಲೆತ್ತಿದರೆ ಅದೇ ಕಿಕ್. ಪೆಟ್ರೋಲಿಗೆ ಎಣ್ಣೆ ಅಳತೆ ಮಾಡಿ ಬೆರೆಸಬೇಕು. ಅಳತೆ ಹೆಚ್ಚಾದರೆ ಪ್ಲಗ್ ಕರ್ರಗಾಗಿ ಗಾಡಿ ನಿಲ್ಲುತ್ತದೆ, ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಒಳಗೆ ಓಡಾಡುವ ಭಾಗಗಳೂ ಕಡಿಮೆ. ಹಾಗಾಗಿ ನಾಲ್ಕು ಪಾನಾ, ಒಂದು ಸ್ಕ್ರೂ ಡ್ರೈವರ್ ಇದ್ದರೆ ಗಿಡದ ನೆರಳಿನಲ್ಲೇ ಬಿಚ್ಚಿ ಕೂಡಿಸಬಹುದು. ಮಂಗೋಲಿಯಾದಲ್ಲಿ ಕ್ಲಾಡಿಯೊನನ್ನು ಮುಂದೆ ಸಾಗಿಸಿದ್ದು ಇಂಥದೇ ಸರಳ ಗಾಡಿ. ನಮ್ಮ ಕಡೆ ಹಾಲಿನ ಕ್ಯಾನು, ಕಬ್ಬಿನ ಸ್ವಾದಿ, ಗೊಬ್ಬರದ ಚೀಲ, ಬಾಣಂತಿ, ಮದುಮಗ ಎಲ್ಲವನ್ನೂ ಹೊತ್ತಿದ್ದು ಇದೇ.

ಇನ್ನು ನಮ್ಮ ಮನೆಯ ‘ಲಾಂಗ್ ವೇ’ ಕಥೆ. ಎಂಬತ್ತರ ದಶಕದ ಮೊದಲಲ್ಲಿ ಕಾಕಾ ಮತ್ತು ಅವನ ದೋಸ್ತ ಒಂದೇ ಯೆಜ್ಡಿ ಮೇಲೆ ಜುಗೂಳದಿಂದ ಮೈಸೂರಿಗೆ ದಸರಾ ನೋಡಲು ಹೋಗಿದ್ದರು. ಮಾಂಜರಿ ಸೇತುವೆ ದಾಟಿ ಚಿಕ್ಕೋಡಿ, ಬೆಳಗಾವಿ, ಧಾರವಾಡ, ಹಾವೇರಿ, ದಾವಣಗೆರೆ, ಚಿತ್ರದುರ್ಗ. ಮೂರು ದಿನ. ಅಂಬಾರಿ ನೋಡಿದರು, ಆಮೇಲೆ ಕಾರ್ಖಾನೆ ನೋಡಲು ಯಾದವಗಿರಿಗೆ ಹೋದರು. ಒಳಗೆ ಬಿಡಲಿಲ್ಲ. ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಕೈ ಮುಗಿದು ತಿರುಗಿ ಬಂದರು. “ತೌರಮನಿ ತೋರ್ಸಿಕೊಂಡ ಬಂದ್ವಿ ಅದಕ್ಕ” ಅಂತಾನೆ ಕಾಕಾ.

ನಾನು ಒಮ್ಮೆ ರಜೆಗೆ ಹೋದಾಗ ಅವನಿಗೆ ಲಾಂಗ್ ವೇ ರೌಂಡ್‌ನ ಎರಡು ಎಪಿಸೋಡ್ ತೋರಿಸಿದೆ. ಸುಮ್ಮನೆ ನೋಡಿದ. ಕೊನೆಗೆ ಕೇಳಿದ: “ಅಲ್ಲೋ ತಮ್ಮಾ, ಇವರ ಹಿಂದ ಎರಡ ಜೀಪ ಅದಾವಲ್ಲೋ. ನಮ್ಮ ಹಿಂದ ಯಾರ ಇದ್ರು?”

ಆ ಮಾತು ಸುಳ್ಳಲ್ಲ. ಹಾಗಂತ ಆ ಗೆಳೆಯರು ಮೋಸ ಮಾಡಿದರು ಅಂತಲೂ ಅಲ್ಲ. ಜೀಪು, ವೀಸಾ, ನಿರ್ಮಾಪಕರು ಎಲ್ಲವನ್ನೂ ಅವರು ತೆರೆಯ ಮೇಲೆಯೇ ತೋರಿಸಿದ್ದಾರೆ. ಅವರಿಗೆ ಪ್ರೇರಣೆಯಾದ ಟೆಡ್ ಸೈಮನ್ 1973ರಲ್ಲಿ ಟ್ರಯಂಫ್ ಮೇಲೆ ಒಬ್ಬನೇ ಹೊರಟು ನಾಲ್ಕು ವರ್ಷ ಜಗತ್ತು ಸುತ್ತಿದ. ಅವನಿಗೆ ಜೀಪಿರಲಿಲ್ಲ, ಆದರೆ ಅವನು ಪುಸ್ತಕ ಬರೆದ. ಪ್ರಯಾಣ ಮಾಡಿದವರೆಲ್ಲ ಚರಿತ್ರೆಗೆ ಸೇರುವುದಿಲ್ಲ. ಬರೆದಿಟ್ಟವರು, ಚಿತ್ರ ಹಿಡಿದವರು ಸೇರುತ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಕಾಕಾನ ಪ್ರಯಾಣಕ್ಕೆ ಬ್ಯಾಕಪ್ ಇರಲಿಲ್ಲ.

ಇದ್ದದ್ದು ಒಂದೇ ಒಂದು. ದೋಸ್ತ ಲೆಕ್ಕದ ಮನುಷ್ಯ, ದಾರಿಯುದ್ದಕ್ಕೂ ಪೆಟ್ರೋಲು, ಎಣ್ಣೆ, ಚಹಾ, ಊಟದ ಖರ್ಚನ್ನು ಊರ ಹೆಸರಿನ ಸಮೇತ ಸಣ್ಣ ವಹಿಯಲ್ಲಿ ಬರೆದಿದ್ದ. ಆ ವಹಿ ಗಾಡಿಯ ಆರ್‌ಸಿ ಪುಸ್ತಕದ ಜೊತೆ ನಮ್ಮ ಮನೆಯ ಟ್ರಂಕಿನಲ್ಲಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಳು. ದನಕರು ಬಿಚ್ಚಿಕೊಂಡು ಹೊರಬರುವುದೇ ದೊಡ್ಡದಾಗಿತ್ತು, ಟ್ರಂಕು ಯಾರಿಗೆ ನೆನಪಿರುತ್ತದೆ? ನೀರು ಇಳಿದ ಮೇಲೆ ತೆಗೆದು ನೋಡಿದರೆ ಕಾಗದವೆಲ್ಲ ರಾಡಿಯ ಮುದ್ದೆ. ಎಂಜಿನ್ ತುಂಬ ಕೆಸರು.

ಗಾಡಿ ಮೂಲೆ ಸೇರಿದ್ದು ಮಾತ್ರ ನೆರೆಯಿಂದಲ್ಲ. ಇದನ್ನು ನಾವು ಒಪ್ಪಿಕೊಳ್ಳಬೇಕು. 1980ರ ದಶಕದ ಮಧ್ಯದಲ್ಲಿ ಜಪಾನಿ ತಂತ್ರಜ್ಞಾನದ 100 ಸಿಸಿ ಗಾಡಿಗಳು ಬಂದವು: ಇಂಡ್-ಸುಜುಕಿ, ಆರ್‌ಎಕ್ಸ್ 100, ಹೀರೋ ಹೋಂಡಾ. ಹೀರೋ ಹೋಂಡಾಗೆ ಎಣ್ಣೆ ಬೆರೆಸುವ ಕಿರಿಕಿರಿ ಇಲ್ಲ, ಒಂದು ಲೀಟರಿಗೆ ಓಡುವ ದೂರವೋ ಬಹಳ ಹೆಚ್ಚು. ಮೈಸೂರಿನ ಕಾರ್ಖಾನೆಯ ವಿನ್ಯಾಸ ಹಳೆಯದಾಗಿಯೇ ಉಳಿಯಿತು. ಹೊಗೆಯ ನಿಯಮಗಳು ಬಿಗಿಯಾದವು, ಮಾರಾಟ ಬಿತ್ತು. 1996ರಲ್ಲಿ ಬಾಗಿಲು ಮುಚ್ಚಿತು. ಎಷ್ಟೋ ಕುಟುಂಬಗಳ ಅನ್ನ ಅಲ್ಲಿತ್ತು. ಕಾಕಾ ಅದಕ್ಕೂ ಮೊದಲೇ ಹೀರೋ ಹೋಂಡಾ ತಂದಿದ್ದ. “ಡೇರಿಗೆ ದಿನಾ ಎರಡ ಹೊತ್ತ ಹಾಲ ಹಾಕಾವ ನಾ. ಪ್ರೀತಿ ನೋಡ್ಲೋ, ಪೆಟ್ರೋಲ ನೋಡ್ಲೋ?” ಅಂದ. ಉತ್ತರ ನನ್ನ ಹತ್ತಿರ ಇಲ್ಲ. ಮೈಸೂರಿನ ಕಾರ್ಖಾನೆ ಹೋಯಿತೆಂದು ಈಗ ಕಣ್ಣೀರು ಹಾಕುವ ನಾವೂ ಪಗಾರ ಬಂದಾಗ ಮೈಲೇಜ್ ನೋಡಿಯೇ ಗಾಡಿ ಕೊಂಡವರು.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ, ಎಂಜಿನ್ ಫೋರ್-ಸ್ಟ್ರೋಕ್. ಇತ್ತ ಇವಾನ್ ಮತ್ತು ಚಾರ್ಲಿ 2007ರಲ್ಲಿ ಆಫ್ರಿಕಾ, 2019ರಲ್ಲಿ ದಕ್ಷಿಣ ಅಮೆರಿಕದಿಂದ ವಿದ್ಯುತ್ ಬೈಕಿನಲ್ಲಿ ಲಾಸ್ ಏಂಜಲೀಸ್ ಮುಗಿಸಿ, 2025ರ ‘ಲಾಂಗ್ ವೇ ಹೋಮ್’ನಲ್ಲಿ ಎಪ್ಪತ್ತರ ದಶಕದ ಹಳೇ ಗಾಡಿಗಳನ್ನೇ ಹತ್ತಿ ಯೂರೋಪು ಸುತ್ತಿದರು. ಅದನ್ನು ನೋಡಿದ ನನ್ನ ಹಳೇ ರೂಮ್‌ಮೇಟ್ ಫೋನ್ ಮಾಡಿ, “ನಿಮ್ಮ ಕಾಕಾನ ಯೆಜ್ಡಿ ರಿಪೇರಿ ಮಾಡಿಸೋಣ್ವಾ? ನಾವೂ ಹೋಗೋಣ” ಅಂದ. ವಿಚಾರಿಸಿದೆ. ಎಂಜಿನ್ ಎಬ್ಬಿಸಬಹುದು ಅಂದರು ಮಿರಜಿನ ಮೇಸ್ತ್ರಿ. ಕಾಗದಪತ್ರ ಎಬ್ಬಿಸುವುದು ಅದಕ್ಕಿಂತ ದೊಡ್ಡ ಕೆಲಸ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿ ಹೋಗಿದ್ದಾನೆ. ಕಾಕಾ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ.

ಹಾಗಾಗಿ ಈ ದೀಪಾವಳಿಗೆ ನನ್ನ ಕೈಲಾದದ್ದು ಮಾಡಿದೆ. ಫೋನಿನ ರೆಕಾರ್ಡರ್ ಆನ್ ಮಾಡಿ ಕಾಕಾನ ಮುಂದೆ ಕೂತೆ. ಜುಗೂಳದಿಂದ ಚಿತ್ರದುರ್ಗದವರೆಗೆ ಊರೂರಿನ ಹೋಟೆಲು, ಪಂಕ್ಚರ್ ಅಂಗಡಿ, ಎಲ್ಲ ಹೇಳಿದ. ಅಲ್ಲಿಂದ ಮುಂದೆ ಅರಸೀಕೆರೆ ಮೇಲೆ ಹೋದೆವು ಅಂದ. ಮರುದಿನ ದೋಸ್ತನ ಮನೆಗೆ ಹೋದೆ. ಅವನು ತೀರಿಕೊಂಡು ಆರು ವರ್ಷವಾಯಿತು. ಅವನ ಹೆಂಡತಿ, ನಾನು ಕಾಕು ಅಂತೇನೆ, ಖಡಾಖಂಡಿತವಾಗಿ ಹೇಳಿದಳು: “ಅರಸೀಕೆರಿ ಅಲ್ಲೋ, ತುಮಕೂರ. ಅಲ್ಲಿಂದ ನನಗೊಂದ ಸೀರಿ ತಂದಿದ್ರು.”

ವಾಪಸ್ ಬಂದು ಕಾಕಾನಿಗೆ ಹೇಳಿದೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ.

“ಆ ವಹಿ ಇದ್ರ ಗೊತ್ತಾಗ್ತಿತ್ತು ನೋಡ” ಅಂದ. ಆಮೇಲೆ, “ಸೀರಿ ತಗೊಂಡಿದ್ದ ಖರೇ. ಎರಡೂ ಬರ್ಕೋ” ಅಂದ.

ಎರಡೂ ಬರೆದುಕೊಂಡಿದ್ದೇನೆ.