ವ್ಯಾಪಾರದ ಕಂಟೆಂಟ್: ದಣಿಯದೆ ನಡೆಸುವ ಬಗೆ

ಗಿರಾಕಿಗೆ ಉಪಯೋಗಕ್ಕೆ ಬರುವ ಅಥವಾ ಮನಸ್ಸಿಗೆ ಹಿಡಿಸುವ ಬರಹ, ಚಿತ್ರ, ವಿಡಿಯೊಗಳನ್ನು ಒಂದು ವ್ಯಾಪಾರ ತನ್ನ ಹೆಸರಿನಲ್ಲಿ ಮತ್ತೆ ಮತ್ತೆ ಹೊರತರುವುದಕ್ಕೆ ಈಗ ‘ಕಂಟೆಂಟ್’ ಎಂದು ಹೆಸರು. ಹಪ್ಪಳದ ಬೆಲೆ ಹೇಳಿ ‘ಕೊಳ್ಳಿ’ ಎಂದರೆ ಅದು ಜಾಹೀರಾತು. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗದಂತೆ ಇಡುವುದು ಹೇಗೆಂದು ಹೇಳಿಕೊಟ್ಟರೆ ಅದು ಕಂಟೆಂಟ್. ಮೊದಲ ಹತ್ತು ಪೋಸ್ಟ್‌ಗಳು ಹುಮ್ಮಸ್ಸಿನಲ್ಲೇ ಆಗಿಹೋಗುತ್ತವೆ. ನಲವತ್ತನೆಯದನ್ನು ಹುಮ್ಮಸ್ಸು ನಂಬಿ ಮಾಡಲಾಗದು. ಅದಕ್ಕೆ ದಾಸ್ತಾನು ಬೇಕು, ಅಚ್ಚು ಬೇಕು, ರಜೆಯೂ ಬೇಕು.

ಹಿನ್ನೆಲೆ

ಕಂಟೆಂಟ್ ಮೊಬೈಲ್ ಕಾಲದ ಆವಿಷ್ಕಾರವೇನಲ್ಲ. ಅಮೆರಿಕದ ಕೃಷಿ ಯಂತ್ರಗಳ ಕಂಪನಿ ಜಾನ್ ಡೀರ್ 1895ರಲ್ಲಿ ‘ದಿ ಫರೋ’ ಎಂಬ ರೈತ ಪತ್ರಿಕೆ ಶುರು ಮಾಡಿತು. ಅದು ಇಂದಿಗೂ ಬರುತ್ತಿದೆ. ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ 1900ರಲ್ಲಿ ಕಾರು ಓಡಿಸುವವರಿಗೆಂದು ಕೈಪಿಡಿ ಅಚ್ಚು ಹಾಕಿಸಿ ಪುಕ್ಕಟೆ ಹಂಚಿತು. ಟೈರ್ ಬದಲಿಸುವುದು ಹೇಗೆ, ಪೆಟ್ರೋಲ್ ಎಲ್ಲಿ ಸಿಗುತ್ತದೆ, ರಾತ್ರಿ ಎಲ್ಲಿ ತಂಗಬಹುದು ಎಂಬುದೆಲ್ಲ ಅದರಲ್ಲಿತ್ತು. ಜನ ಹೆಚ್ಚು ಓಡಾಡಿದರೆ ಟೈರ್ ಹೆಚ್ಚು ಸವೆಯುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು.

ನಮ್ಮ ಜವಳಿ ಅಂಗಡಿ, ಕಿರಾಣಿ ಅಂಗಡಿಗಳು ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರ್ ಕೂಡ ಇದೇ ಜಾತಿಗೆ ಸೇರಿದ್ದು. ತಿಥಿ, ನಕ್ಷತ್ರ, ರಾಹುಕಾಲ, ಸರ್ಕಾರಿ ರಜೆ ನೋಡಲು ಮನೆಯವರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ಅಂಗಡಿಯ ಹೆಸರು ತಾನಾಗಿ ಕಣ್ಣಿಗೆ ಬೀಳುತ್ತದೆ. ಒಮ್ಮೆ ಅಚ್ಚು ಹಾಕಿಸಿದರೆ 365 ದಿನ ಗೋಡೆಯ ಮೇಲಿರುತ್ತದೆ.

ವೇಗ ಬದಲಾದದ್ದು ಇತ್ತೀಚೆಗೆ. ವಾಟ್ಸ್‌ಆ್ಯಪ್ ಬಿಸಿನೆಸ್ 2018ರಲ್ಲಿ ಬಂತು. 2020ರ ಜೂನ್ ಕೊನೆಯಲ್ಲಿ ಭಾರತ ಟಿಕ್‌ಟಾಕ್ ನಿಷೇಧಿಸಿತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಆರಂಭಿಸಿತು. ವಾಟ್ಸ್‌ಆ್ಯಪ್ ಸ್ಟೇಟಸ್‌ನ ಆಯಸ್ಸು 24 ಗಂಟೆ. ವರ್ಷಕ್ಕೊಂದು ಕ್ಯಾಲೆಂಡರ್ ಕೊಟ್ಟು ಸುಮ್ಮನಿರುತ್ತಿದ್ದ ಅಂಗಡಿಯವರು ಈಗ ಪ್ರತಿದಿನ ಬೆಳಿಗ್ಗೆ ‘ಇವತ್ತು ಏನು ಹಾಕೋದು?’ ಎಂದು ಕೇಳಿಕೊಳ್ಳುವಂತಾಗಿದೆ.

ಬರ್ನ್‌ಔಟ್ ಎಂದರೇನು

ಇಂಥ ನಿತ್ಯದ ಒತ್ತಡ ಬಹಳ ದಿನ ಮುಂದುವರಿದರೆ ಬರುವ ಬಳಲಿಕೆಗೆ ‘ಬರ್ನ್‌ಔಟ್’ ಎಂದು ಹೆಸರು. ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಉಚಿತ ಚಿಕಿತ್ಸಾಲಯಗಳ ಕಾರ್ಯಕರ್ತರಲ್ಲಿ ಕಂಡ ಬಳಲಿಕೆಯ ಬಗ್ಗೆ ಬರೆಯುತ್ತಾ ಈ ಪದ ಬಳಸಿದರು. ಇಷ್ಟಪಟ್ಟು ಕೆಲಸಕ್ಕೆ ಇಳಿದವರೇ ಹೀಗೆ ಬತ್ತಿಹೋಗುತ್ತಿದ್ದರು. ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕಾರವಾದ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟನ್ನು ಕಾಯಿಲೆ ಎನ್ನದೆ ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಎಂದು ಸೇರಿಸಿದೆ. ಅದರ ಲಕ್ಷಣಗಳು ಮೂರು:

- ಶಕ್ತಿಯೆಲ್ಲ ಬಸಿದುಹೋದಂಥ ದಣಿವು
- ಕೆಲಸದಿಂದ ಮನಸ್ಸು ದೂರ ಸರಿಯುವುದು, ಅದರ ಬಗ್ಗೆ ಸಿನಿಕತನ
- ತನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಎಂಬ ಭಾವ

ಸಣ್ಣ ವ್ಯಾಪಾರದಲ್ಲಿ ಎರಡನೆಯದನ್ನು ಬೇಗ ಗುರುತಿಸಬಹುದು. ಗಿರಾಕಿಯ ಮಾಮೂಲಿ ಪ್ರಶ್ನೆಗೂ ಸಿಟ್ಟು ಬರತೊಡಗಿದರೆ ಅದು ಎಚ್ಚರಿಕೆಯ ಗಂಟೆ. ನಿದ್ದೆ, ಊಟ ಕೆಟ್ಟು ವಾರಗಟ್ಟಲೆ ಹಾಗೇ ಉಳಿದರೆ ವೈದ್ಯರನ್ನು ಕಾಣಬೇಕು. ಅದು ಪೋಸ್ಟ್ ಕಡಿಮೆ ಮಾಡಿದರೆ ಸರಿಹೋಗುವ ಮಾತಲ್ಲ.

ದಣಿವಿನ ಮೂಲಗಳು

ಮಾಸ್ಲಾಕ್ ಮತ್ತು ಮೈಕಲ್ ಲೈಟರ್ ಬರ್ನ್‌ಔಟಿಗೆ ಆರು ಮೂಲಗಳನ್ನು ಗುರುತಿಸಿದ್ದಾರೆ. ಕಂಟೆಂಟ್ ಮಾಡುವವರಿಗೆ ಮುಖ್ಯವಾಗಿ ತಾಗುವುದು ಮೂರು.

*ಕೆಲಸದ ಹೊರೆ:* ಸಾಮಾನು ತರುವುದು, ಪ್ಯಾಕಿಂಗ್, ಕೊರಿಯರ್, ಲೆಕ್ಕ ಎಲ್ಲವೂ ಒಬ್ಬರದೇ. ರಾತ್ರಿ ಪಾತ್ರೆ ತೊಳೆದಾದ ಮೇಲೆ ರೀಲ್ಸ್ ಎಡಿಟಿಂಗ್ ಶುರು.

*ಹತೋಟಿ:* ಯಾರಿಗೆ ಯಾವ ಪೋಸ್ಟ್ ತೋರಿಸಬೇಕೆಂದು ಅಲ್ಗಾರಿದಮ್ ತೀರ್ಮಾನಿಸುತ್ತದೆ. ಮೂರು ಗಂಟೆ ಕಷ್ಟಪಟ್ಟ ವಿಡಿಯೊ ಮಲಗಿಬಿಡುತ್ತದೆ, ಬೆಕ್ಕು ಅಡ್ಡ ಬಂದ ವಿಡಿಯೊ ಓಡುತ್ತದೆ.

*ಪ್ರತಿಫಲ:* ವ್ಯೂಸ್ ಎಣಿಸುತ್ತಾ ಕೂತರೆ ಮನಸ್ಸು ಅದರ ಜೊತೆಗೇ ಏರಿಳಿಯುತ್ತದೆ. ‘ನಿಮ್ಮ ವಿಡಿಯೊ ನೋಡಿದೆ, ಎರಡು ಕಟ್ಟು ಕಳಿಸಿ’ ಎಂದು ಈ ತಿಂಗಳು ಎಷ್ಟು ಫೋನ್ ಬಂತು ಎಂಬುದನ್ನು ಪುಸ್ತಕದಲ್ಲಿ ಗೀಚಿಟ್ಟರೆ, ಅದು ವ್ಯಾಪಾರಕ್ಕೆ ಒದಗುವ ಲೆಕ್ಕ.

ಒಂದು ದೀರ್ಘ ಉದಾಹರಣೆ: ಅಮುಲ್ ಹುಡುಗಿ

ಭಾರತದಲ್ಲಿ ಅತಿ ದೀರ್ಘಕಾಲ ಎಡೆಬಿಡದೆ ನಡೆದ ಜಾಹೀರಾತು ಸರಣಿಗಳಲ್ಲಿ ಅಮುಲ್ ಬೆಣ್ಣೆಯ ಹೋರ್ಡಿಂಗ್‌ಗಳದ್ದು ಒಂದು. ಜಾಹೀರಾತು ಕ್ಷೇತ್ರದ ಸಿಲ್ವೆಸ್ಟರ್ ಡಕುನ್ಹಾ ಮತ್ತು ಕಲಾ ನಿರ್ದೇಶಕ ಯೂಸ್ಟೇಸ್ ಫರ್ನಾಂಡಿಸ್ 1966ರಲ್ಲಿ ಬಿಳಿ ಫ್ರಾಕಿನ ಮೇಲೆ ಕೆಂಪು ಚುಕ್ಕಿ, ನೀಲಿ ಕೂದಲಿನ ಆ ಹುಡುಗಿಯನ್ನು ರೂಪಿಸಿದರು. ಸಿಲ್ವೆಸ್ಟರ್ 2023ರಲ್ಲಿ ತೀರಿಕೊಂಡರು. ಅದಕ್ಕೆ ಎಷ್ಟೋ ಮೊದಲೇ ಮಗ ರಾಹುಲ್ ಡಕುನ್ಹಾ ಹೊಣೆ ಹೊತ್ತಿದ್ದರು. ಬರಹಗಾರ ಮನೀಶ್ ಝವೇರಿ, ಚಿತ್ರಕಾರ ಜಯಂತ್ ರಾಣೆ ಅವರ ಜೊತೆಗಾರರು. ಕೈಯಲ್ಲಿ ಬಣ್ಣ ಬಳಿಯುತ್ತಿದ್ದ ಕಾಲದಲ್ಲಿ ಹೋರ್ಡಿಂಗ್ ಅಪರೂಪಕ್ಕೊಮ್ಮೆ ಬದಲಾಗುತ್ತಿತ್ತು. ಈಗ ವಾರಕ್ಕೆ ಹಲವು ಬರುತ್ತವೆ.

ಇದು ನಿಲ್ಲದೆ ಬಂದದ್ದರ ಹಿಂದೆ ಎರಡು ಸಂಗತಿಗಳಿವೆ. ಒಂದು, ಅಚ್ಚು. ಹುಡುಗಿ, ಬೆಣ್ಣೆ, ಒಂದು ಶ್ಲೇಷೆ, ಕೆಳಗೊಂದು ಪುಟ್ಟ ಸಾಲು, ಇವು ಬದಲಾಗುವುದಿಲ್ಲ. ಬದಲಾಗುವುದು ಆ ದಿನದ ಸುದ್ದಿ ಮಾತ್ರ. ಖಾಲಿ ಹಾಳೆಯ ಮುಂದೆ ಹತ್ತು ತೀರ್ಮಾನ ಮಾಡುವ ಬದಲು ಅವರು ಪ್ರತಿಸಲ ಒಂದೇ ತೀರ್ಮಾನ ಮಾಡುತ್ತಾರೆ. ಎರಡು, ಒಪ್ಪಿಗೆ. ಅಮುಲ್‌ನ ಮುಖ್ಯಸ್ಥರಾಗಿದ್ದ ವರ್ಗೀಸ್ ಕುರಿಯನ್ ಪ್ರತಿಯೊಂದು ಹೋರ್ಡಿಂಗನ್ನೂ ತಮಗೆ ತೋರಿಸಿ ಅನುಮತಿ ಪಡೆಯಬೇಕಿಲ್ಲ ಎಂದು ಡಕುನ್ಹಾ ಅವರಿಗೆ ಬಿಟ್ಟುಕೊಟ್ಟಿದ್ದರು. ಕೆಲಸಕ್ಕಿಂತ ‘ಸಾರ್ ನೋಡಿ ಹೇಳ್ತಾರೆ’ ಎಂದು ಕಾಯುವುದೇ ಹೆಚ್ಚು ಸುಸ್ತು ಮಾಡುತ್ತದೆ ಎಂಬುದು ಕಚೇರಿಯಲ್ಲಿ ದುಡಿದವರಿಗೆಲ್ಲ ಗೊತ್ತು.

ಕೆಲಸದ ವಿಧಾನ: ಹಲಸಿನ ಹಪ್ಪಳದ ಲೆಕ್ಕ

ಮಲೆನಾಡಿನಲ್ಲಿ ಹಲಸಿನ ಹಪ್ಪಳ ಮಾಡಿ ಮಾರುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬೆಳೆದ ಕಾಯಿ ಸಿಗುವುದು, ಬಿಸಿಲು ಕಾಯುವುದು ಎರಡೂ ಬೇಸಿಗೆಯಲ್ಲಿ. ಹಪ್ಪಳ ಖರ್ಚಾಗುವುದು ಮಳೆ ಹಿಡಿದಾಗ. ಮಳೆಗಾಲದಲ್ಲಿ ದಿನಾ ಹಪ್ಪಳ ಒತ್ತಲು ಯಾರೂ ಹೊರಡುವುದಿಲ್ಲ; ಡಬ್ಬಿಯಿಂದ ತೆಗೆಯುತ್ತಾರೆ. ಕಂಟೆಂಟಿಗೂ ಇದೇ ಕ್ರಮ ಸಾಕು.

*ಚಿತ್ರೀಕರಣ:* ಹಪ್ಪಳ ಮಾಡುವ ದಿನ ಬೆಳಿಗ್ಗೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬಿಡುವುದು. ಮೇಣ ಅಂಟದಿರಲು ಕೈಗೆ ಎಣ್ಣೆ ಸವರಿ ಕಾಯಿ ಹೆಚ್ಚುವುದು, ತೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸಿ ಉಪ್ಪು, ಮೆಣಸು, ಜೀರಿಗೆ ಹಾಕಿ ರುಬ್ಬುವುದು, ಉಂಡೆ ಕಟ್ಟಿ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತುವುದು, ಚಾಪೆಯ ಮೇಲೆ ಹರಡುವುದು, ಕಾಗೆ ಓಡಿಸುವುದು. ಮಾಡುವ ಕೆಲಸವನ್ನೇ ತೆಗೆದದ್ದರಿಂದ ನಟನೆಯ ಶ್ರಮವಿಲ್ಲ.

*ಪ್ರಶ್ನೆ ಪುಸ್ತಕ:* ಗಿರಾಕಿಗಳು ಕೇಳಿದ್ದನ್ನೆಲ್ಲ ಅವರದೇ ಮಾತಿನಲ್ಲಿ ಬರೆದಿಡುವುದು. ‘ಎಷ್ಟು ತಿಂಗಳು ಇಡಬಹುದು?’, ‘ಕೆಂಡದಲ್ಲಿ ಸುಡಬಹುದಾ?’, ‘ಮೆತ್ತಗಾದರೆ ಏನು ಮಾಡಲಿ?’ ಒಂದೊಂದು ಪ್ರಶ್ನೆಯೂ ಒಂದು ಪೋಸ್ಟ್. ಬರೆಯಲು ಬೇಸರವಾದರೆ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಿಸಬಹುದು.

*ಎಣಿಕೆ:* ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡರಂತೆ ಸುಮಾರು 35 ಪೋಸ್ಟ್ ಬೇಕು. ಹತ್ತು ವಿಷಯಗಳನ್ನು ಫೋಟೊ, ಚಿಕ್ಕ ವಿಡಿಯೊ, ನಾಲ್ಕು ಸಾಲಿನ ಬರಹ ಎಂದು ಮೂರು ರೂಪಕ್ಕೆ ಇಳಿಸಿದರೆ 30. ನಾಗರ ಪಂಚಮಿ, ವರಮಹಾಲಕ್ಷ್ಮಿ, ಕೃಷ್ಣಾಷ್ಟಮಿ, ಗೌರಿ, ಗಣೇಶ ಹಬ್ಬಗಳಿಗೆ ಐದು. ಲೆಕ್ಕ ಮುಗಿಯಿತು.

*ವಿಂಗಡಣೆ:* ಚಿತ್ರ ತೆಗೆಯುವುದು ಒಂದು ದಿನ, ಬರೆಯುವುದು ಇನ್ನೊಂದು ದಿನ. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ದಿನಾಂಕ, ಸಮಯ ಕೊಟ್ಟು ಪೋಸ್ಟ್‌ಗಳನ್ನು ಮುಂಚಿತವಾಗಿ ಜೋಡಿಸಿಡಬಹುದು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡಕ್ಕೂ ಅದು ನಡೆಯುತ್ತದೆ.

ಪ್ರಮಾಣ ನಿಗದಿ

ವಾರಕ್ಕೆ ಎಷ್ಟು ಎಂಬುದನ್ನು ಉತ್ಸಾಹ ಉಕ್ಕಿದ ದಿನ ನಿರ್ಧರಿಸಬಾರದು. ಮಗುವಿಗೆ ಜ್ವರ, ಮನೆಗೆ ನೆಂಟರು, ಕರೆಂಟಿಲ್ಲ. ಅಂಥ ವಾರದಲ್ಲೂ ಎಷ್ಟು ಸಾಧ್ಯವೋ ಅದೇ ಸರಿಯಾದ ಪ್ರಮಾಣ. ಮೂರು ಕಡೆ ಅರ್ಧಂಬರ್ಧ ಇರುವುದಕ್ಕಿಂತ ಗಿರಾಕಿಗಳು ಇರುವ ಒಂದು ಕಡೆ ನಿಯಮದಿಂದ ಇರುವುದು ಮೇಲು.

ಹಳೆಯದನ್ನು ಮತ್ತೆ ಹಾಕಲು ಸಂಕೋಚ ಬೇಡ. ಕಳೆದ ಆಷಾಢದಲ್ಲಿ ಹಾಕಿದ ‘ಮೆತ್ತಗಾದ ಹಪ್ಪಳ’ದ ಪೋಸ್ಟ್ ಈ ಆಷಾಢಕ್ಕೂ ಸಲ್ಲುತ್ತದೆ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶವಂತೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ; ಕಳೆದ ವರ್ಷ ಅದು ಎಷ್ಟೋ ಜನರಿಗೆ ತಲುಪಿಯೇ ಇರುವುದಿಲ್ಲ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬರೆಯುವ ಹೊರೆಯನ್ನು ಯಂತ್ರಕ್ಕೆ ಹೊರಿಸುವವರಿದ್ದಾರೆ. ವಿಷಯ ಪಟ್ಟಿ ಮಾಡಲು, ಉದ್ದದ್ದನ್ನು ಮೊಟಕುಗೊಳಿಸಲು ಅದು ಒದಗುತ್ತದೆ. ಆದರೆ ನಿಮ್ಮ ಹಿತ್ತಲ ಮರದ ಕಾಯಿಗೆ ಈ ಸಲ ಉಪ್ಪು ಎಷ್ಟು ಹಿಡಿಯಿತೆಂದು ಅದಕ್ಕೆ ಗೊತ್ತಿಲ್ಲ. ಗಿರಾಕಿ ಕೇಳುವುದು ಅದನ್ನೇ.

ವಿರಾಮ

ಹೇಳದೆ ನಿಂತರೆ ಅಂಗಡಿ ಮುಚ್ಚಿತೇನೋ ಎಂಬ ಅನುಮಾನ ಹುಟ್ಟುತ್ತದೆ. ಹೇಳಿ ನಿಂತರೆ ಅದು ರಜೆ. ಮಾಡಿಟ್ಟ ಹಪ್ಪಳವೆಲ್ಲ ಖರ್ಚಾದ ದಿನ ಖಾಲಿ ಡಬ್ಬಿಯದೊಂದು ಫೋಟೊ ತೆಗೆದು ‘ಈ ವರ್ಷದ್ದು ಮುಗಿಯಿತು, ಹಲಸು ಬೆಳೆದ ಮೇಲೆ ಮತ್ತೆ ಸಿಗೋಣ’ ಎಂದು ಹಾಕಿ ಫೋನ್ ಕೆಳಗಿಡಬಹುದು. ‘ಮುಂದಿನ ಸಲ ನನಗೆ ನಾಲ್ಕು ಕಟ್ಟು ಎತ್ತಿಡಿ’ ಎಂಬ ಉತ್ತರಗಳು ಅದರ ಕೆಳಗೇ ಬಂದು ಕೂರುತ್ತವೆ.