ನಾಳಗಳ ನೆನಪು

1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಇನ್ಸುಲಿನ್ ಚುಚ್ಚುಮದ್ದು ಕೊಟ್ಟರು. ಅದುವರೆಗೆ ಅವನಂಥ ಮಕ್ಕಳಿಗೆ ಮಧುಮೇಹವೆಂದರೆ ಮರಣವೇ. ಇನ್ಸುಲಿನ್ ಆಯುಸ್ಸನ್ನು ಬೆಳೆಸಿತು. ಬೆಳೆದ ಆಯುಸ್ಸಿನಲ್ಲಿ ಮತ್ತೊಂದು ಆಪತ್ತು ಎದ್ದು ಕಂಡಿತು. ಹೃದಯವನ್ನು ಪೋಷಿಸುವ ರಕ್ತನಾಳಗಳ ಭಿತ್ತಿಯಲ್ಲಿ ಕೊಬ್ಬು ಕೂಡಿ, ಅದರೊಡನೆ ಸುಣ್ಣಾಂಶ ಗಟ್ಟಿಗೊಳ್ಳುವುದೇ ಆ ಆಪತ್ತು.

ಈ ಗುಪ್ತ ಕಾರ್ಯಕ್ಕೆ ಸಾಕ್ಷಿ ಯಾರು? 1968ರಲ್ಲಿ ಇರಾನಿನ ಸಾಮ್ಯುಯೆಲ್ ರಹಬರ್ ಮಧುಮೇಹಿಗಳ ನೆತ್ತರಿನಲ್ಲಿ ವಿಲಕ್ಷಣವಾದ ಹಿಮೋಗ್ಲೋಬಿನ್ ಒಂದನ್ನು ಗುರುತಿಸಿದರು. ಅದು ಸಕ್ಕರೆ ಅಂಟಿದ ಹಿಮೋಗ್ಲೋಬಿನ್ ಎಂಬುದು ತರುವಾಯ ತಿಳಿಯಿತು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ; ಆದುದರಿಂದ ಅದು ಹೇಳುವುದು ಎರಡು ಮೂರು ತಿಂಗಳ ಕಥೆಯನ್ನು. 1990ರಲ್ಲಿ ಅಮೆರಿಕದ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು ನಾಳದ ಸುಣ್ಣವನ್ನು ಸಿ.ಟಿ. ಚಿತ್ರದಿಂದ ಅಳೆದು ಅಂಕ ಕೊಡುವ ಕ್ರಮವನ್ನು ರೂಪಿಸಿದರು. ಅದು ಹೇಳುವುದು ದಶಕಗಳ ಕಥೆಯನ್ನು.

ಇವೆರಡನ್ನೂ ಕೂಡಿಸಿ ನೋಡಿದ ಪ್ರಸಂಗವೊಂದುಂಟು. 1983ರಿಂದ 1993ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ಮಧುಮೇಹಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಿಗಿಯಾದ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ರೂಢಿಯ ಚಿಕಿತ್ಸೆಯನ್ನೂ ಕೊಟ್ಟರು. ಪ್ರಯೋಗ ಮುಗಿದ ಮೇಲೆ ಎರಡೂ ಗುಂಪುಗಳ ರಕ್ತದ ಅಂಕಿ ಬಹುಮಟ್ಟಿಗೆ ಸಮವಾಯಿತು. ಆದರೂ, 2006ರಲ್ಲಿ ಪ್ರಕಟವಾದ ವರದಿಯಂತೆ, ಮೊದಲು ಬಿಗಿಯಾಗಿ ನಡೆದವರ ನಾಳಗಳಲ್ಲಿ ಸುಣ್ಣ ಕಡಿಮೆಯಿತ್ತು.

ನೆತ್ತರು ಮರೆತುದನ್ನು ನಾಳ ಮರೆತಿರಲಿಲ್ಲ. ಇಂದಿನ ಪರೀಕ್ಷೆ ನೆಟ್ಟಗಿದ್ದರೆ ಹಿಂದಿನ ಸಾಲವೆಲ್ಲ ತೀರಿತೆಂದಲ್ಲ. ಹಾಗೆಯೇ, ಇಂದಿನ ನೇಮವೂ ಎಲ್ಲಿಯೂ ಕಳೆದುಹೋಗುವುದಿಲ್ಲ.