ಗೆರೆ ಇಲ್ಲದ ಚುಕ್ಕಿಗಳು

ಗೋಕಾಕದಿಂದ ಹುಕ್ಕೇರಿಯ ತಂಗಿಯ ಮನೆಗೆ ಹೋದಾಗಲೆಲ್ಲ ಹತ್ತರಗಿಯ ಮಾತು ಬಂದೇ ಬರುತ್ತದೆ. ಆ ತಾಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುತ್ತಾರೆ. ತಂಗಿಯ ಮಗಳಿಗೆ ಅಲ್ಲೇ ನೌಕರಿ. ಮೂಡಲಗಿಯ ತವರಿನಲ್ಲಿ ಎತ್ತಿನ ಗಾಡಿ ಹತ್ತಿ ಬೆಳೆದ ನಮಗೆ ಅದೇ ದೊಡ್ಡ ಸೋಜಿಗ.

ಕಳೆದ ಸಲ ನಾನು ನನ್ನ ಹೆದರಿಕೆ ಹೇಳಿಕೊಂಡೆ. ಮಗ ಮೊದಲ ಸಲ ವಿಮಾನ ಹತ್ತುವವನಿದ್ದ. 2009ರ ಜನವರಿ 15ರಂದು ನ್ಯೂಯಾರ್ಕಿನಿಂದ ಮೇಲೆದ್ದ ವಿಮಾನಕ್ಕೆ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್ ಕೆಟ್ಟದ್ದನ್ನು, ಪೈಲಟ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರೂ ಬದುಕಿದ್ದನ್ನು ಓದಿದ್ದೆ.

"ಅಷ್ಟ ಸಣ್ಣ ಹಕ್ಕಿ ಏನ ಮಾಡತೈತಿ?" ಎಂದೆ.

"ಆ ವೇಗದಾಗ ಹಕ್ಕಿ ಹಕ್ಕಿಯಾಗಿ ಉಳಿಯೂದಿಲ್ಲ ದೊಡ್ಡವ್ವ, ನೀರಿನಂಗ ಸಿಡೀತೈತಿ" ಎಂದು ಅವಳು ನನ್ನನ್ನು ಅಂಗಳದ ರಂಗೋಲಿಯ ಮುಂದೆ ಕೂರಿಸಿದಳು.

ಗಟ್ಟಿ ವಸ್ತುವಿಗೆ ಪೆಟ್ಟು ಬಿದ್ದರೆ ಏನಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಮೊದಲು ಅದನ್ನು ಬಲೆಯಂತೆ ಗೆರೆಗಳಲ್ಲಿ ಹಂಚಿಕೊಳ್ಳುತ್ತಾರೆ, ನಾವು ಚುಕ್ಕಿ ಜೋಡಿಸಿದ ಹಾಗೆ. ವಸ್ತು ಬಾಗಿದರೆ ಬಲೆಯೂ ಬಾಗುತ್ತದೆ. ಛಿದ್ರವಾದರೆ ಮಾತ್ರ ಗೆರೆಗಳು ಸಿಕ್ಕುಬಿದ್ದು ಲೆಕ್ಕವೇ ಕೆಡುತ್ತದೆ. ಆಗ ಗೆರೆ ಅಳಿಸಿ ಚುಕ್ಕಿಗಳನ್ನಷ್ಟೇ ಉಳಿಸಿಕೊಳ್ಳುವುದು. ಪ್ರತಿ ಚುಕ್ಕಿಗೂ ತನ್ನದೇ ತೂಕ, ತನ್ನದೇ ವೇಗ. ಗೊತ್ತುಮಾಡಿದ ಅಂತರದೊಳಗಿನ ನೆರೆಯವು ಮಾತ್ರ ಅದನ್ನು ಎಳೆದಾಡುತ್ತವೆ. ಹತ್ತಿರದವು ಹೆಚ್ಚು, ದೂರದವು ಕಡಿಮೆ. ಚದುರಿದರೆ ಹೊಸ ನೆರೆ, ಹೊಸ ಲೆಕ್ಕ. ನಮ್ಮ ಓಣಿಯ ಸಂಬಂಧಗಳೂ ಹೀಗೇ ಅಲ್ಲವೇ!

ಈ ಉಪಾಯ ಹುಟ್ಟಿದ್ದು ವಿಮಾನಕ್ಕಾಗಿ ಅಲ್ಲ, ನಕ್ಷತ್ರಗಳಿಗಾಗಿ. 1977ರಲ್ಲಿ ಲೂಸಿ ಒಂದು ಕಡೆ, ಗಿಂಗೋಲ್ಡ್ ಮತ್ತು ಮೊನಾಘನ್ ಇನ್ನೊಂದು ಕಡೆ ಇದನ್ನು ಪ್ರಕಟಿಸಿದರು. ಲೂಸಿ ಎಂದರೆ ಹೆಂಗಸೆಂದು ಹಿಗ್ಗಿದ್ದೆ; ಲಿಯಾನ್ ಲೂಸಿ ಗಂಡಸಂತೆ! 1990ರ ದಶಕದ ಮೊದಲಲ್ಲಿ ಇದೇ ಲೆಕ್ಕ ಲೋಹದ ಡಿಕ್ಕಿಗೆ, ಬಂಡೆ ಒಡೆಯುವುದಕ್ಕೆ ಬಂತು. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೌಕೆಯೊಂದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಡೈಮಾರ್ಫಸ್ ಎಂಬ ಸಣ್ಣ ಆಕಾಶಕಾಯಕ್ಕೆ ಬೇಕೆಂದೇ ಬಡಿದಾಗ, ಅಲ್ಲಿ ಏನಾಯಿತೆಂದು ತಿಳಿಯಲೂ ಇದನ್ನೇ ಬಳಸಿದರು.

"ಹಂಗಾರ ಲೆಕ್ಕ ಸುಳ್ಳಾಗೂದಿಲ್ಲೇನು?" ಎಂದು ಕೇಳಿದೆ.

ಆಗುತ್ತದಂತೆ. ವಸ್ತುವನ್ನು ಜಗ್ಗಿದಾಗ ಚುಕ್ಕಿಗಳು ಗುಂಪುಗುಂಪಾಗಿ, ಇಲ್ಲದ ಬಿರುಕು ತೋರಿಸಿಬಿಡುತ್ತವೆ. ಅದಕ್ಕೇ ಪರೀಕ್ಷೆಯ ಮನೆಗಳಲ್ಲಿ ಗಾಳಿಯ ತೋಪಿನಿಂದ ಸತ್ತ ಹಕ್ಕಿಯನ್ನೋ ಜೆಲಾಟಿನ್ ಮುದ್ದೆಯನ್ನೋ ನಿಜವಾಗಿ ಹಾರಿಸಿ, ಲೆಕ್ಕವನ್ನು ಅದಕ್ಕೆ ಹೋಲಿಸಿ ನೋಡುತ್ತಾರೆ. ಇದನ್ನು ಕೇಳಿದ ಮೇಲೆ ನನಗೆ ಕೊಂಚ ಜೀವ ಬಂತು.

ಆದರೂ ಮಗ ಬೆಳಗಾವಿಯಿಂದ ಹಾರಿದ ದಿನ, ಇಳಿದೆನೆಂದು ಫೋನು ಬರುವವರೆಗೆ ನಾನು ಒಲೆ ಹಚ್ಚಲಿಲ್ಲ.